ಪರಿಷೆಗೆ ಬಾರದ ಕಾರು

ಫಾಲ್ಗುಣದಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ದಿನ ನಾಯಕನಹಟ್ಟಿಯ ಸುತ್ತಲಿನ ಹೊಲಗಳೆಲ್ಲ ವಾಹನ ನಿಲ್ಲುವ ಬಯಲಾಗುತ್ತವೆ. ಒಳಮಠ, ಹೊರಮಠ, ಮುಕ್ತಿ ಬಾವುಟದ ಹರಾಜು, ಕೊಬ್ಬರಿ ಸುಡುವ ಹೊಗೆ ಇವನ್ನೆಲ್ಲ ಬರೆದವರು ಬೇಕಾದಷ್ಟಿದ್ದಾರೆ. ಹೊಲದಲ್ಲಿ ನಿಂತ ವಾಹನಗಳ ಬಗ್ಗೆ ಬರೆದವರು ಕಡಿಮೆ. ಆ ಸಾಲನ್ನು ದಶಕಕ್ಕೊಮ್ಮೆ ನೋಡುತ್ತ ಬಂದಿದ್ದರೆ ನಾಡಿನ ಮೋಟಾರು ಚರಿತ್ರೆಯನ್ನು ಬೇರೆಲ್ಲೂ ಓದಬೇಕಾಗಿರಲಿಲ್ಲ. ಎತ್ತಿನ ಗಾಡಿಗಳ ಪಕ್ಕ ಲಾರಿ, ಟ್ರ್ಯಾಕ್ಟರ್ ಬಂದವು. ಸಾಹುಕಾರರ ಅಂಬಾಸಿಡರ್ ಬಂತು. ಮೆಟಡೋರ್, ಟ್ರ್ಯಾಕ್ಸ್, ಸುಮೋ, ಕ್ವಾಲಿಸ್ ಒಂದರ ಹಿಂದೆ ಒಂದು ಬಂದವು. ಯೆಜ್ಡಿ ಬೈಕುಗಳಂತೂ ಗಂಡ, ಹೆಂಡತಿ, ಎರಡು ಮಕ್ಕಳು, ಮೇಲೊಂದು ಬುತ್ತಿಗಂಟು ಹೊತ್ತು ಬಂದವು.

ಈ ಸಾಲಿನಲ್ಲಿ ಒಂದು ಜಾತಿಯ ವಾಹನ ಮಾತ್ರ ಹುಡುಕಿದರೂ ಸಿಗುವುದು ಕಷ್ಟ: ನಮ್ಮ ರಾಜಧಾನಿಯಲ್ಲೇ ಹುಟ್ಟಿದ ಕಾರು. ಬೆಂಗಳೂರು ಒಂದಲ್ಲ, ಎರಡು ಬಾರಿ ತನ್ನದೇ ಕಾರು ಮಾಡಲು ಹೊರಟಿತು. 1970ರ ದಶಕದಲ್ಲಿ ಸಿಪಾನಿ, 2001ರಲ್ಲಿ ರೇವಾ. ಎರಡೂ ಚಿಕ್ಕವು, ಎರಡರ ಮೈಯೂ ತಗಡಿನದಲ್ಲ. ಎರಡೂ ನಿಂತುಹೋದವು. ಬೆಂಗಳೂರಿನಿಂದ ತುಮಕೂರು, ಸಿರಾ, ಹಿರಿಯೂರು, ಚಳ್ಳಕೆರೆ ಹಾದು ನಾಯಕನಹಟ್ಟಿಗೆ ಸುಮಾರು 220 ಕಿಲೋಮೀಟರ್. ಆ ಕಾರುಗಳು ಯಾಕೆ ಸತ್ತವು ಎಂಬುದಕ್ಕೆ ಅರ್ಧ ಉತ್ತರ ಈ ದಾರಿಯಲ್ಲೇ ಇದೆ ಎಂದು ನನ್ನ ತರ್ಕ.

ಸಿಪಾನಿಯ ಮೂಲ ಹೆಸರು ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್. ಮೊದಲು ಅದು ತಂದದ್ದು ಬಾದಲ್ ಎಂಬ ಮೂರು ಚಕ್ರದ ವಾಹನ. ಮುಂದೆ ಒಂದು ಚಕ್ರ, ಹಿಂದೆ ಎರಡು. ಎಂಜಿನ್ನು ಹಿಂಭಾಗದಲ್ಲಿ, ಅದೂ 200 ಸಿಸಿಗೂ ಒಳಗಿನ ಟೂ ಸ್ಟ್ರೋಕ್. ಮೈ ಪೂರ್ತಿ ಫೈಬರ್‌ನದು. ಆಟೋರಿಕ್ಷಾಕ್ಕೂ ಕಾರಿಗೂ ನಡುವಿನ ಪ್ರಾಣಿ. ಈಗ ಅದರ ಚಿತ್ರ ನೋಡಿದವರು ನಗುತ್ತಾರೆ. ಆದರೆ ಅಂದಿನ ಪರಿಸ್ಥಿತಿ ನೆನೆದರೆ ಅದು ನಗುವ ಕೆಲಸವಾಗಿರಲಿಲ್ಲ. ಕಾರು ತಯಾರಿಸಲು ದೆಹಲಿಯ ಲೈಸೆನ್ಸ್ ಬೇಕು. ಅದು ದಕ್ಕಿದ್ದವರು ಬೆರಳೆಣಿಕೆಯವರು: ಬಂಗಾಳದಲ್ಲಿ ಹಿಂದೂಸ್ತಾನ್ ಮೋಟಾರ್ಸ್, ಮುಂಬಯಿಯಲ್ಲಿ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್, ಅವರ ಜೊತೆ ಬೆಂಗಳೂರಿನ ಈ ಸಣ್ಣ ಕಂಪನಿ. ಫಿಯೆಟ್ ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಕಾರು ಮಾಡುವವನಿಗೆ ಗಿರಾಕಿ ಹುಡುಕುವ ಚಿಂತೆಯೇ ಇಲ್ಲ ಎಂದು ಯಾರಿಗಾದರೂ ಅನ್ನಿಸಬೇಕು.

1982ರಲ್ಲಿ ಸಿಪಾನಿ ನಿಜವಾದ ಕಾರನ್ನೇ ತಂದಿತು. ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಿನಲ್ಲಿ ರಿಲಯಂಟ್ ಎಂಬ ಕಂಪನಿ ಇತ್ತು, ಮೂರು ಚಕ್ರದ ಕಾರುಗಳಿಗೆ ಹೆಸರಾದದ್ದು. ಅದರ ನಾಲ್ಕು ಚಕ್ರದ ಕಿಟನ್ ಅಲ್ಲಿ ಮಾರಾಟವಾಗದೆ ಅದೇ ಹೊತ್ತಿಗೆ ನಿಂತುಹೋಗುತ್ತಿತ್ತು. ಅದರ ಪರವಾನಗಿ ಪಡೆದು ಸಿಪಾನಿ ಮಾಡಿದ್ದೇ ಡಾಲ್ಫಿನ್. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್ನು, ಎರಡೇ ಬಾಗಿಲು, ಫೈಬರ್ ಮೈ. ಹಗುರವಾಗಿದ್ದರಿಂದ ಓಟ ಚುರುಕು. ರ‍್ಯಾಲಿ ಓಡಿಸುವ ಹುಡುಗರು, ಶೋಲಾವರಂ ರೇಸಿನವರು ಅದನ್ನು ಹಚ್ಚಿಕೊಂಡರು. ಇವತ್ತಿಗೂ ಡಾಲ್ಫಿನ್ ಹೆಸರು ನೆನಪಿರುವುದು ಬಹುಪಾಲು ಇಂಥವರಿಗೇ. ಸಂಸಾರಸ್ಥರು ಅದರ ಮುಂದೆ ನಿಂತು ಹಿಂದಿನ ಬಾಗಿಲು ಎಲ್ಲಿ ಎಂದು ಕೇಳಿದರು. ಮುಂದಿನ ಸೀಟು ಮಡಿಚಿ ಅಜ್ಜಿಯನ್ನು ಹಿಂದಕ್ಕೆ ತೂರಿಸಿ ಕೂರಿಸುವುದು ನಮ್ಮ ಸೀಮೆಯಲ್ಲಿ ನಡೆಯುವ ವ್ಯವಹಾರವಲ್ಲ.

ಮರುವರ್ಷ, 1983ರ ಡಿಸೆಂಬರಿನಲ್ಲಿ, ಮಾರುತಿ 800 ಬಂತು. ಸರ್ಕಾರದ ಬಂಡವಾಳ, ಜಪಾನಿನ ಸುಜುಕಿಯ ಎಂಜಿನ್ನು, ನಾಲ್ಕು ಬಾಗಿಲು ಮತ್ತು ಹಿಂದೊಂದು ಎತ್ತುವ ಕದ. ಡಾಲ್ಫಿನ್‌ಗೆ ಸಿಕ್ಕ ಖಾಲಿ ಮೈದಾನದ ಆಯುಸ್ಸು ಎರಡು ವರ್ಷವೂ ಅಲ್ಲ. ಸಿಪಾನಿ ಪಾಠ ಕಲಿತು 1987ರಲ್ಲಿ ಹೆಚ್ಚು ಬಾಗಿಲುಗಳ ಮೊಂಟಾನಾ ತಂದಿತು, ಆಮೇಲೆ ಅದಕ್ಕೇ ಡೀಸೆಲ್ ಎಂಜಿನ್ನು ಕೂರಿಸಿತು. ಹೊಸ ಬಾಗಿಲು ಬಂತು, ಹಳೆಯ ಗಿರಾಕಿ ಅಷ್ಟರಲ್ಲಿ ಹೊರಟುಹೋಗಿದ್ದ.

ಬಾಗಿಲು ಒಂದೇ ಕಾರಣವಲ್ಲ. ಫೈಬರ್ ಮೈ ತುಕ್ಕು ಹಿಡಿಯುವುದಿಲ್ಲ ಎಂದು ಕಂಪನಿ ಹೇಳುತ್ತಿತ್ತು, ಅದು ನಿಜವೇ. ತುಕ್ಕು ಕರಾವಳಿಯವರ ಕಷ್ಟ. ಚಳ್ಳಕೆರೆ ಸೀಮೆಯಲ್ಲಿ ಮಳೆಯೇ ಅಪರೂಪ; ಇಲ್ಲಿ ಹತ್ತು ವರ್ಷ ಬಯಲಲ್ಲಿ ನಿಂತ ತಗಡೂ ಗಟ್ಟಿಯಾಗಿಯೇ ಇರುತ್ತದೆ. ಇಲ್ಲಿನ ಕಷ್ಟ ಬೇರೆ: ಗುಂಡಿ, ಜಾಲಿ ಮುಳ್ಳು, ಅಡ್ಡ ಬರುವ ಎಮ್ಮೆ. ಅಂಬಾಸಿಡರಿನ ಮಡ್‌ಗಾರ್ಡು ತಗ್ಗಿದರೆ ಬಸ್‌ಸ್ಟ್ಯಾಂಡಿನ ಪಕ್ಕದ ಟಿಂಕರಿನವನು ಸುತ್ತಿಗೆ ಹಿಡಿದು ಒಳಗಿನಿಂದ ಬಡಿದು ಸಮ ಮಾಡಿ, ಪಟ್ಟಿ ಹಚ್ಚಿ, ಬಣ್ಣ ಬಳಿದು ಸಂಜೆಗೆ ಕೊಡುತ್ತಿದ್ದ. ಫೈಬರ್ ತಗ್ಗುವುದಿಲ್ಲ, ಸೀಳುತ್ತದೆ. ಸೀಳಿದ್ದನ್ನು ಬೆಸೆಯಲು ಗಾಜಿನ ನೂಲಿನ ಬಟ್ಟೆ, ರಾಳ, ಅದನ್ನು ಗಟ್ಟಿ ಮಾಡುವ ರಾಸಾಯನಿಕ ಬೇಕು; ಅದಕ್ಕಿಂತ ಮುಖ್ಯವಾಗಿ ಆ ಕೆಲಸ ಗೊತ್ತಿರುವ ಕೈ ಬೇಕು. ಅಂಥ ಕೈ ಬೆಂಗಳೂರಿನಲ್ಲಿ ಇತ್ತು, ಹಿರಿಯೂರಿನಲ್ಲಿ ಇರಲಿಲ್ಲ.

ಅಂಬಾಸಿಡರಿನ ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಒಳ್ಳೆಯ ಕಾರು ಎಂದು ನಾನು ಹೇಳುವುದಿಲ್ಲ. 1957ರಿಂದ 2014ರ ತನಕ ಅದು ಒಳಗಿನಿಂದ ಬದಲಾದದ್ದು ನಾಚಿಕೆಪಡುವಷ್ಟು ಕಡಿಮೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಅಚ್ಚುಗಳನ್ನು ತಂದು ಕಲ್ಕತ್ತಾ ಹತ್ತಿರದ ಉತ್ತರಪಾಡಾದಲ್ಲಿ ಎರಕ ಹೊಯ್ದದ್ದು. 1489 ಸಿಸಿ ಎಂಜಿನ್ನು ದಶಕಗಟ್ಟಲೆ ಅದೇ. ಬ್ರೇಕು ಹಿಡಿಯಲು ಕಾಲಿನ ಬಲ ಬೇಕು, ಸ್ಟೀರಿಂಗ್ ತಿರುಗಿಸಲು ತೋಳಿನ ಬಲ ಬೇಕು. ಆದರೂ ಬಯಲುಸೀಮೆಯ ಟ್ಯಾಕ್ಸಿಯವರು ಅದನ್ನು ಬಿಡಲಿಲ್ಲ. ಸ್ಟೀರಿಂಗಿನ ಕೊರಳಲ್ಲೇ ಗೇರು, ಹಾಗಾಗಿ ಮುಂದಿನ ಉದ್ದ ಸೀಟಿನಲ್ಲಿ ಡ್ರೈವರನ್ನೂ ಸೇರಿಸಿ ನಾಲ್ವರು ಕೂತರೂ ಕೂತರೇ. ಹಿಂದೆ ಕಮಾನು ಪಟ್ಟಿ. ಒಂದು ಪಟ್ಟಿ ಮುರಿದರೆ ಲಾರಿಗೆ ಕಮಾನು ಕಟ್ಟುವವನೇ ಅದಕ್ಕೂ ಕಟ್ಟುತ್ತಾನೆ. 1980ರ ಸುಮಾರಿಗೆ ಡೀಸೆಲ್ ಎಂಜಿನ್ನೂ ಬಂದ ಮೇಲೆ ಬಾಡಿಗೆ ಓಡಿಸುವವರ ಲೆಕ್ಕಾಚಾರ ಇನ್ನಷ್ಟು ಸಲೀಸಾಯಿತು. ಕಾರ್ಖಾನೆ 1,900 ಕಿಲೋಮೀಟರ್ ಆಚೆ ಇದ್ದರೂ ಅಂಬಾಸಿಡರ್ ಚಳ್ಳಕೆರೆಯದೇ ಕಾರು ಆಗಿತ್ತು, ಯಾಕೆಂದರೆ ಅದನ್ನು ಬಿಚ್ಚಿ ಜೋಡಿಸುವವರು ಚಳ್ಳಕೆರೆಯಲ್ಲಿ ಇದ್ದರು. ಡಾಲ್ಫಿನ್‌ನ ಕಾರ್ಖಾನೆ ಒಂದು ರಾತ್ರಿ ಬಸ್ಸಿನಷ್ಟು ಹತ್ತಿರ. ಅದು ಪರದೇಶಿಯಾಗಿಯೇ ಉಳಿಯಿತು.

ಚಳ್ಳಕೆರೆಯಲ್ಲಿ ಆಗ ಕಾರು ಕೊಳ್ಳುವ ಹಣವಿತ್ತು ಎಂಬುದನ್ನೂ ಸೇರಿಸಿ ನೋಡಬೇಕು. ಶೇಂಗಾ ಬೆಳೆಯುವ ಕೆಂಪು ಮರಳು ನೆಲ, ಊರ ತುಂಬ ಎಣ್ಣೆ ಮಿಲ್ಲು. ವ್ಯಾಪಾರದ ಭರಾಟೆ ಕಂಡು ಊರನ್ನು ಎರಡನೇ ಬೊಂಬಾಯಿ ಎನ್ನುತ್ತಿದ್ದರು. ಮಂಡಿ ಸಾಹುಕಾರರಿಗೆ ಕಾರು ಎಂದರೆ ವಸೂಲಿಗೆ ಹಳ್ಳಿ ಸುತ್ತಲು, ಮದುವೆಗೆ, ದಾವಣಗೆರೆ ಬಳ್ಳಾರಿಗೆ ಹೋಗಿಬರಲು. ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಗಳಿಗೂ ಅಷ್ಟೆ: ಹಿಂದಿನ ಡಿಕ್ಕಿಯಲ್ಲಿ ಸೀರೆ ಗಂಟು ಹಿಡಿಯಬೇಕು. ಈ ಗಿರಾಕಿಗಳ ಬಗ್ಗೆ ಬೆಂಗಳೂರಿನ ಕಾರಿನವರು ಯೋಚಿಸಿದ ಗುರುತು ಕಾಣುವುದಿಲ್ಲ.

ಆಮೇಲೆ 1990ರ ದಶಕ. ಉದಾರೀಕರಣ ಎಂಬ ಒಂದೇ ಗಾಳಿ ಎರಡು ಕಡೆ ಬೀಸಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ತೆಗೆದರು. ಲೈಸೆನ್ಸ್ ಇದ್ದದ್ದೇ ಬಂಡವಾಳವಾಗಿದ್ದ ಸಿಪಾನಿಯ ಕಾಲ ಕೆಳಗಿನ ನೆಲ ಸರಿಯಿತು. 1994ರಲ್ಲಿ ಹೊರದೇಶದ ಪಾಮೋಲಿನ್ ಎಣ್ಣೆಯ ಆಮದು ಮುಕ್ತವಾಯಿತು. ಅಗ್ಗದ ಎಣ್ಣೆಯ ಎದುರು ಚಳ್ಳಕೆರೆಯ ಗಾಣಗಳು, ಮಿಲ್ಲುಗಳು ಒಂದೊಂದಾಗಿ ನಿಂತವು. ಬೆಂಗಳೂರಿನ ಕಾರು ಮತ್ತು ಚಳ್ಳಕೆರೆಯ ಎಣ್ಣೆ, ಒಂದನ್ನೊಂದು ಎಂದೂ ಕಂಡಿರದ ಎರಡು ದಂಧೆಗಳು ಒಂದೇ ಹೊತ್ತಿನಲ್ಲಿ ಕುಸಿದವು. ಸಿಪಾನಿ ಕೊನೆಗೆ ಬ್ರಿಟನ್ನಿನ ರೋವರ್ ಕಂಪನಿಯ ಮೊಂಟೆಗೊ ಎಂಬ ದೊಡ್ಡ ಕಾರಿನ ಬಿಡಿಭಾಗ ತರಿಸಿ ಜೋಡಿಸಿ ಮಾರಲು ನೋಡಿತು. ರೋವರ್‌ನವರೇ ಅದನ್ನು ಹಳತಾಯಿತೆಂದು ಕೈಬಿಡುತ್ತಿದ್ದ ಹೊತ್ತು ಅದು. ಇಂಗ್ಲೆಂಡ್ ಕಳಚಿ ಎಸೆದದ್ದನ್ನು ಎತ್ತಿ ತೊಡುವ ಚಾಳಿ ನಮ್ಮ ಮೋಟಾರು ಉದ್ಯಮಕ್ಕೆ ಅಂಬಾಸಿಡರಿನಿಂದಲೂ ಅಂಟಿಕೊಂಡಿತ್ತು. 1990ರ ದಶಕ ಮುಗಿಯುವ ಮುನ್ನ ಸಿಪಾನಿಯ ಕಾರುಗಳು ನಿಂತವು. ಸದ್ದಿಲ್ಲದೆ ನಿಂತವು ಅನ್ನಬೇಕು. ಹೋಗುವಾಗ ಅತ್ತವರು ರೇಸಿನ ಹುಡುಗರಷ್ಟೇ.

ಅದೇ ಹೊತ್ತಿಗೆ, 1996ರಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಮುಚ್ಚಿತು. ಇದರ ಕತೆ ಪೂರಾ ಬೇರೆ. ಅಲ್ಲಿ ತಯಾರಾದ ಯೆಜ್ಡಿ ಬೈಕು ಹಳ್ಳಿ ಹಳ್ಳಿಗೂ ತಲುಪಿತ್ತು, ಎರಡು ಸೈಲೆನ್ಸರಿನ ಸದ್ದಿನಿಂದಲೇ ಯಾರು ಬಂದರೆಂದು ಗೊತ್ತಾಗುತ್ತಿತ್ತು. ಕಾರ್ಖಾನೆ ಸತ್ತರೂ ಬೈಕು ಬದುಕಿತು; ಹಳೆಯ ಸಾಮಾನು ಹುಡುಕಿ ಓಡಿಸುವವರು ಉಳಿದರು. ಆ ನೆನಪಿನ ಬೆಲೆ ಎಷ್ಟೆಂದರೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳನ್ನು ಬೇರೊಂದು ಕಂಪನಿ ಹೊಸ ಬೈಕುಗಳ ಮೇಲೆ ಕೂರಿಸಿ ಮಾರುಕಟ್ಟೆಗೆ ತಂದಿತು. ಡಾಲ್ಫಿನ್ ಎಂಬ ಹೆಸರನ್ನು ಹಾಗೆ ಎತ್ತಿಕೊಳ್ಳಲು ಯಾರೂ ಬರಲಿಲ್ಲ.

ಸಿಪಾನಿಯ ಕೊನೆಯ ದಿನಗಳಲ್ಲೇ ಬೆಂಗಳೂರಿನಲ್ಲಿ ಎರಡನೆಯ ಪ್ರಯತ್ನಕ್ಕೆ ತಳಪಾಯ ಬಿತ್ತು. ಮೈನಿ ಎಂಬ ಉದ್ಯಮಿ ಮನೆತನ. ಯಂತ್ರದ ಬಿಡಿಭಾಗ ಕಡೆಯುವುದು, ಕಾರ್ಖಾನೆಗಳ ಒಳಗೆ ಸಾಮಾನು ಸಾಗಿಸುವ ಬ್ಯಾಟರಿ ಗಾಡಿ ಮಾಡುವುದು ಅವರ ಕಸುಬು. ಹಿರಿಯರು ಸುದರ್ಶನ್ ಮೈನಿ. ಮಗ ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಬಿಸಿಲಿನ ಶಕ್ತಿಯಿಂದ ಓಡುವ ಕಾರಿನ ತಂಡದಲ್ಲಿದ್ದರು. ಸನ್‌ರನ್ನರ್ ಎಂಬ ಆ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆ ಗೆದ್ದು, ಆಸ್ಟ್ರೇಲಿಯಾದ ಮರಳುಗಾಡಿನ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂತು. ಮುಂದೆ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ, ಕ್ಯಾಲಿಫೋರ್ನಿಯಾದ ಅಮೆರಿಗಾನ್ ಎಂಬ ಕಂಪನಿಯಲ್ಲಿ ವಿದ್ಯುತ್ ಕಾರಿನ ಕೆಲಸ ಮಾಡಿದರು. 1994ರಲ್ಲಿ ಮೈನಿ ಬಳಗವೂ ಅಮೆರಿಗಾನ್‌ನ ಅಂಗಸಂಸ್ಥೆಯೂ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಕಟ್ಟಿದರು. ರೇವಾ ಎಂಬುದು ಚೇತನ್ ಅವರ ತಾಯಿಯ ಹೆಸರು.

ಏಳು ವರ್ಷ ತಯಾರಿ ಹಿಡಿದು 2001ರಲ್ಲಿ ಕಾರು ಬೆಂಗಳೂರಿನ ರಸ್ತೆಗೆ ಬಂತು. ಜಗತ್ತಿನಲ್ಲಿ ಆಗ ದುಡ್ಡು ಕೊಟ್ಟು ಕೊಳ್ಳಬಹುದಾದ ವಿದ್ಯುತ್ ಕಾರುಗಳೇ ಅಪರೂಪ. ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಇವಿ 1 ಕಾರುಗಳನ್ನು ಬಾಡಿಗೆಗೆ ಕೊಟ್ಟಿದ್ದು, ಕೊನೆಗೆ ವಾಪಸು ಕಿತ್ತುಕೊಂಡು ಬಹುಪಾಲನ್ನು ಜಜ್ಜಿಹಾಕಿತು. ಟೆಸ್ಲಾ ಎಂಬ ಕಂಪನಿ ಹುಟ್ಟಿದ್ದು 2003ರಲ್ಲಿ. ಬೆಂಗಳೂರಿನ ಬೊಮ್ಮಸಂದ್ರದಲ್ಲಿದ್ದ ರೇವಾದ ಸಾಧಾರಣ ಕಾರ್ಖಾನೆ ಟೆಸ್ಲಾಗಿಂತ ಮುಂಚೆ ವಿದ್ಯುತ್ ಕಾರು ಮಾರತೊಡಗಿತ್ತು ಎಂಬ ಸಂಗತಿಯನ್ನು ನಮ್ಮ ಶಾಲಾ ಪುಸ್ತಕಗಳು ಎಲ್ಲಾದರೂ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಕಾರು ಹೀಗಿತ್ತು: ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಕಬ್ಬಿಣದ ಕೊಳವೆಗಳ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ. ಮುಂದಿನ ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್. ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ತುಂಬಲು ಎಂಟು ಗಂಟೆ. ತುಂಬಿದ ಮೇಲೆ 80 ಕಿಲೋಮೀಟರ್ ಓಟ, ಗಂಟೆಗೆ 65ರ ಆಸುಪಾಸು ವೇಗ. ಗೇರಿಲ್ಲ, ಕ್ಲಚ್ಚಿಲ್ಲ, ಹೊಗೆಯಿಲ್ಲ, ಸದ್ದಂತೂ ಇಲ್ಲ. ಇಕ್ಕಟ್ಟಿನ ಗಲ್ಲಿಯಲ್ಲಿ ತಿರುಗಿಸುವುದು ಸೈಕಲ್ಲಿನಷ್ಟು ಸುಲಭ. ಜಯನಗರ, ಮಲ್ಲೇಶ್ವರದ ಕೆಲವು ಮನೆಗಳ ಮುಂದೆ ಕಿಟಕಿಯಿಂದ ವೈರು ಎಳೆದು ಚಾರ್ಜಿಗಿಟ್ಟ ಈ ಪುಟ್ಟ ಕಾರನ್ನು ದಾರಿಹೋಕರು ನಿಂತು ನೋಡುತ್ತಿದ್ದರು.

ನೋಡಿದರು, ಕೊಳ್ಳಲಿಲ್ಲ. ರೇವಾ ಕಾಲಕ್ಕಿಂತ ಮುಂಚೆ ಹುಟ್ಟಿತು, ಆದ್ದರಿಂದ ಸತ್ತಿತು ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಸೋಮಾರಿ ಮಾತು ಅನ್ನಿಸುತ್ತದೆ. 2001ರ ಬೆಂಗಳೂರಿನ ಒಬ್ಬ ಬ್ಯಾಂಕ್ ನೌಕರ ದಿನಕ್ಕೆ ಎಷ್ಟು ಓಡಾಡುತ್ತಿದ್ದ? ಮನೆಯಿಂದ ಬ್ಯಾಂಕು, ಬ್ಯಾಂಕಿನಿಂದ ಮನೆ, ನಡುವೆ ಮಗಳ ಶಾಲೆ. 20 ಕಿಲೋಮೀಟರ್ ಆದರೆ ಹೆಚ್ಚು. ಆ ಓಡಾಟಕ್ಕೆ ರೇವಾ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅದು ಆ ಕಾಲದ್ದೇ ಕಾರು, ಆ ಊರಿನದೇ ಕಾರು. ಆದರೆ ನಮ್ಮ ಜನ ಕಾರು ಕೊಳ್ಳುವುದು ದಿನದ ಓಡಾಟದ ಲೆಕ್ಕ ಹಾಕಿ ಅಲ್ಲ. ವರ್ಷಕ್ಕೆ ಒಂದೋ ಎರಡೋ ಸಲ ಊರಿಗೆ ಹೋಗುವುದಕ್ಕೆ: ಯುಗಾದಿಗೆ, ತೇರಿಗೆ, ಮನೆದೇವರ ಹರಕೆಗೆ, ಅಕ್ಕನ ಮಗಳ ಮದುವೆಗೆ. ಊರ ಬಾಗಿಲಲ್ಲಿ ಕಾರು ನಿಂತಾಗ ಅದು ಕೊಂಡ ಸಾರ್ಥಕ. ನಾಯಕನಹಟ್ಟಿ ಪರಿಷೆಗೆ ಹೋಗಲಾರದ ಕಾರಿಗೆ ಚಳ್ಳಕೆರೆ ಸೀಮೆಯಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವನು ಯಾಕೆ ಸಾಲ ಮಾಡಿಯಾನು?

ಲೆಕ್ಕ ಹಾಕಿಯೇ ನೋಡಬಹುದು. 80 ಕಿಲೋಮೀಟರ್ ಎಂದರೆ ತುಮಕೂರು ದಾಟಿ ತುಸು ಮುಂದೆ. ಅಲ್ಲಿ ಯಾರದೋ ಮನೆಯ ಪ್ಲಗ್ಗು ಬೇಡಿ ಎಂಟು ಗಂಟೆ ಕಾಯಬೇಕು. ಮತ್ತೆ ಹೊರಟರೆ ಹಿರಿಯೂರಿನ ಸುತ್ತಮುತ್ತ. ಇನ್ನೊಮ್ಮೆ ಎಂಟು ಗಂಟೆ. ಬೆಳಗಿನ ಜಾವ ಬೆಂಗಳೂರು ಬಿಟ್ಟವನು ಹಟ್ಟಿ ಮುಟ್ಟುವಷ್ಟರಲ್ಲಿ ಮರುದಿನವಾಗಿರುತ್ತದೆ. ಮುಟ್ಟಿದ ಮೇಲಾದರೂ ನೆಮ್ಮದಿ ಉಂಟೇ? ಆ ವರ್ಷಗಳಲ್ಲಿ ಹಳ್ಳಿಗಳಿಗೆ ಕರೆಂಟು ಬರುತ್ತಿದ್ದುದೇ ಪಾಳಿಯ ಮೇಲೆ. ಪಂಪ್‌ಸೆಟ್ಟಿನ ತ್ರೀ ಫೇಸು ಕೆಲವು ತಾಸು, ಅದೂ ಬಹಳ ಸಲ ನಡುರಾತ್ರಿ. ಭಾಗ್ಯಜ್ಯೋತಿಯ ಒಂದೇ ಬಲ್ಬಿನ ಮನೆಗಳಲ್ಲಿ 15 ಆಂಪಿಯರ್ ಪ್ಲಗ್ಗು ಕೇಳುವಂತೆಯೇ ಇಲ್ಲ. ಜೊತೆಗೆ ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಮೂರ್ನಾಲ್ಕು ವರ್ಷಕ್ಕೆ ಎಂಟೂ ಬದಲಿಸಬೇಕು. ಲಾರಿ ಬ್ಯಾಟರಿ ನೋಡುವವರು ಚಳ್ಳಕೆರೆಯಲ್ಲಿ ಇದ್ದರು, ಮೋಟಾರಿನ ಗಣಕ ನಿಯಂತ್ರಣ ಕೆಟ್ಟರೆ ನೋಡುವವರು ಬೊಮ್ಮಸಂದ್ರದಲ್ಲಿ ಮಾತ್ರ.

ಬೆಲೆಯೂ ಮಾರುತಿ 800ಕ್ಕಿಂತ ಮೇಲೆಯೇ ಇತ್ತು. ವಿದ್ಯುತ್ ವಾಹನಕ್ಕೆ ಸರ್ಕಾರದ ನೆರವು ಎಂಬುದು ಆಗ ನೆಟ್ಟಗೆ ರೂಪುಗೊಂಡಿರಲಿಲ್ಲ. ಹೀಗಾಗಿ ರೇವಾದ ಬಹುಪಾಲು ಹೆಸರು ಬೆಂಗಳೂರಿಗಿಂತ ಲಂಡನ್ನಿನಲ್ಲಿ ಬೆಳೆಯಿತು. 2003ರಲ್ಲಿ ಲಂಡನ್ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ದಿನದ ಸುಂಕ ಹಾಕಿದರು. ವಿದ್ಯುತ್ ವಾಹನಗಳಿಗೆ ಆಗ ಮಾಫಿ ಇತ್ತು. 2004ರಿಂದ ಅಲ್ಲಿ ಜಿ ವಿಜ್ ಎಂಬ ಹೆಸರಿನಲ್ಲಿ ರೇವಾ ಮಾರಾಟವಾಯಿತು. ಸುಂಕ ಉಳಿಯುತ್ತಿತ್ತು, ಕೆಲವೆಡೆ ಪಾರ್ಕಿಂಗೂ ಪುಕ್ಕಟೆಯಾಗಿತ್ತು. ಅಲ್ಲಿಯವರಿಗೆ ಪರಿಷೆಯ ತಾಪತ್ರಯ ಇಲ್ಲ, ದೂರಕ್ಕೆ ರೈಲಿದೆ. ರೇವಾ ತನ್ನ ನಿಜವಾದ ಗಿರಾಕಿಯನ್ನು ಸಮುದ್ರದಾಚೆ ಕಂಡುಕೊಂಡಿತು.

ಅಲ್ಲೂ ಕಂಟಕ ತಪ್ಪಲಿಲ್ಲ. ಯುರೋಪಿನ ಕಾನೂನಿನಲ್ಲಿ ರೇವಾ ಕಾರು ಎಂದು ನೋಂದಣಿಯಾಗಿರಲಿಲ್ಲ. ಹಗುರ ನಾಲ್ಕು ಚಕ್ರದ ವಾಹನಗಳ ಪ್ರತ್ಯೇಕ ವರ್ಗದಲ್ಲಿತ್ತು, ಆ ವರ್ಗಕ್ಕೆ ಡಿಕ್ಕಿ ಪರೀಕ್ಷೆ ಕಡ್ಡಾಯವಲ್ಲ. 2007ರಲ್ಲಿ ಟಾಪ್ ಗೇರ್ ಪತ್ರಿಕೆಯವರು ತಾವೇ ಅದನ್ನು ಡಿಕ್ಕಿ ಹೊಡೆಸಿ ನೋಡಿ, ಕೆಟ್ಟ ಫಲಿತಾಂಶವನ್ನು ಡಂಗುರ ಸಾರಿದರು. ಬ್ರಿಟನ್ನಿನ ಸಾರಿಗೆ ಇಲಾಖೆಯೂ ಕಳವಳ ತೋರಿತು. ಕಂಪನಿ ಚೌಕಟ್ಟು ಬಲಪಡಿಸಿ, ಮೋಟಾರು ಬದಲಿಸಿ ರೇವಾ ಐ ತಂದಿತು. ಹೆಸರಿಗೆ ಮೆತ್ತಿದ ಮಸಿ ಮಾತ್ರ ತೊಳೆದರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ ಆ ಟೀಕೆಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದರೊಳಗೆ ಕೂತು ಹೆದ್ದಾರಿಯಲ್ಲಿ ಸಿರಾ ಕಡೆಯ ಲಾರಿಗಳ ನಡುವೆ ಹೋಗುವುದನ್ನು ಊಹಿಸಿಕೊಂಡರೆ ಸಾಕು.

2006ರಲ್ಲಿ ಅಮೆರಿಕದ ಹೂಡಿಕೆದಾರರಿಂದ 2 ಕೋಟಿ ಡಾಲರ್ ಬಂತು. 2009ರ ಜನವರಿಯಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಹೊರಬಿತ್ತು. ಅದೇ ವರ್ಷ ಫ್ರಾಂಕ್‌ಫರ್ಟ್ ಮೇಳದಲ್ಲಿ ಎನ್‌ಎಕ್ಸ್‌ಆರ್, ಎನ್‌ಎಕ್ಸ್‌ಜಿ ಎಂಬ ಎರಡು ಹೊಸ ಮಾದರಿಗಳನ್ನು ತೋರಿಸಿದರು. ಜನರಲ್ ಮೋಟಾರ್ಸ್‌ನ ಭಾರತೀಯ ಶಾಖೆ ತನ್ನ ಸ್ಪಾರ್ಕ್ ಕಾರಿಗೆ ರೇವಾದ ವಿದ್ಯುತ್ ತಂತ್ರಜ್ಞಾನ ಹಾಕಿಸಲು ಒಪ್ಪಂದ ಮಾಡಿಕೊಂಡಿತು. ತನ್ನದೇ ಇವಿ 1 ಜಜ್ಜಿದ ಕಂಪನಿ ಬೊಮ್ಮಸಂದ್ರದ ಬಾಗಿಲಿಗೆ ಬಂದದ್ದು ಸಣ್ಣ ಮಾತಲ್ಲ. ಆದರೆ ಹೊಸ ಕಾರು ಮಾಡಲು ಬೇಕಾದ ಹಣ ಮೈನಿಯವರ ಕೈ ಮೀರಿದ್ದು. 2010ರ ಮೇ ತಿಂಗಳಲ್ಲಿ ಮಹೀಂದ್ರ ಕಂಪನಿ ರೇವಾದ ಶೇಕಡಾ 55.2 ಪಾಲು ಕೊಂಡಿತು. ಪ್ರತಿಸ್ಪರ್ಧಿಯ ಮನೆ ಸೇರಿದ ಮೇಲೆ ಜನರಲ್ ಮೋಟಾರ್ಸ್ ಒಪ್ಪಂದದಿಂದ ಹಿಂದೆ ಸರಿಯಿತು. 2011ರ ತನಕ 26 ದೇಶಗಳಲ್ಲಿ ಒಟ್ಟು ಮಾರಾಟವಾದ ರೇವಾ ಸುಮಾರು 4,000. ಮಾರುತಿಯವರು ಅಷ್ಟು ಕಾರನ್ನು ಆಗ ಎರಡು ದಿನದಲ್ಲಿ ಮಾರುತ್ತಿದ್ದರು.

ಮಹೀಂದ್ರ ಕೈಯಾಡಿಸಿದ್ದು ದೊಡ್ಡದಾಗಿಯೇ. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ಮಾಡಬಲ್ಲ ಹೊಸ ಕಾರ್ಖಾನೆ ತೆರೆದರು. ಅದೇ ವರ್ಷದ ಮಾರ್ಚ್ 31ಕ್ಕೆ ಕೇಂದ್ರ ಸರ್ಕಾರ ವಿದ್ಯುತ್ ವಾಹನಗಳಿಗೆ ಕೊಡುತ್ತಿದ್ದ ನೆರವಿನ ಯೋಜನೆಯ ಅವಧಿ ಮುಗಿದುಹೋಗಿತ್ತು. ಮುಂದಿನದು ಬಂದದ್ದು 2015ರ ಏಪ್ರಿಲ್‌ನಲ್ಲಿ. ಕಾರು ಮಾರಾಟಕ್ಕೆ ಬಂದದ್ದು ಸರಿಯಾಗಿ ಈ ಬರಗಾಲದ ನಡುವೆ, 2013ರ ಮಾರ್ಚ್‌ನಲ್ಲಿ. ಹೆಸರು ಇ2ಒ. ರೇವಾ ಎಂಬ ಹೆಸರು ಕಾರಿನಿಂದ ಇಳಿದು ಕಂಪನಿಯ ಹೆಸರಿನ ಬಾಲಕ್ಕೆ ಸೇರಿತು, 2016ರಲ್ಲಿ ಅಲ್ಲಿಂದಲೂ ಹೋಯಿತು. ದೆಹಲಿಯಲ್ಲಿ ಅಲ್ಲಿನ ರಾಜ್ಯದ ನೆರವು ಕಳೆದೂ ಕಾರಿನ ಬೆಲೆ ಆರು ಲಕ್ಷದ ಹತ್ತಿರ. ಲಿಥಿಯಂ ಬ್ಯಾಟರಿ, ಬಣ್ಣ ಬೆರೆಸಿಯೇ ಎರಕ ಹೊಯ್ದ ಪ್ಲಾಸ್ಟಿಕ್ ಮೈ, ಸುಮಾರು 100 ಕಿಲೋಮೀಟರ್ ಓಟ. ಚಾರ್ಜು ಪೂರ್ತಿ ಮುಗಿದು ನಡುದಾರಿಯಲ್ಲಿ ನಿಂತರೆ ಕಂಪನಿಗೆ ಫೋನು ಮಾಡಿದರಾಯಿತು. ಅಡಗಿಸಿಟ್ಟ ಕೊನೆಯ ಗುಟುಕನ್ನು ದೂರದಿಂದಲೇ ಬಿಟ್ಟು ಕೆಲವು ಕಿಲೋಮೀಟರ್ ಓಡಿಸುವ ಏರ್ಪಾಡಿತ್ತು. ಬಹಳ ಜಾಣತನದ ಏರ್ಪಾಡು. ಸಿರಾ ಹಿರಿಯೂರು ನಡುವೆ ನಿಂತವನಿಗೆ ಆ ಗುಟುಕು ಎಲ್ಲಿಗೂ ಸಾಲದು. ಬಾಗಿಲು ಮಾತ್ರ ಮತ್ತೆ ಎರಡೇ! ಡಾಲ್ಫಿನ್ ಮೂವತ್ತು ವರ್ಷದ ಹಿಂದೆ ಕಟ್ಟಿದ್ದ ಶುಲ್ಕವನ್ನು ಇ2ಒ ಹೊಸದಾಗಿ ಕಟ್ಟಿತು. ನಾಲ್ಕು ಬಾಗಿಲಿನ ಇ2ಒ ಪ್ಲಸ್ ಬಂದದ್ದು 2016ರಲ್ಲಿ. ಅದೇ ವರ್ಷ ಬ್ರಿಟನ್ನಿಗೆ ಕಳಿಸಿದ ಇ2ಒ ಮರುವರ್ಷವೇ ಅಲ್ಲಿಂದ ವಾಪಸಾಯಿತು. 2019ರಲ್ಲಿ ಹೊಸ ಸುರಕ್ಷತಾ ನಿಯಮಗಳು ಜಾರಿಗೆ ಬರುವ ಹೊತ್ತಿಗೆ ಇ2ಒ ಪ್ಲಸ್ ತಯಾರಿಕೆಯೂ ನಿಂತಿತು. ರೇವಾದ ವಂಶ ಕಾರಿನ ರೂಪದಲ್ಲಿ ಅಲ್ಲಿಗೆ ಮುಗಿಯಿತು.

ಈ ನಡುವೆ 2014ರ ಮೇ 24ರಂದು ಉತ್ತರಪಾಡಾ ಕಾರ್ಖಾನೆಯ ಗೇಟಿಗೆ ಕೆಲಸ ಸ್ಥಗಿತದ ನೋಟಿಸು ಅಂಟಿಸಿದರು, ಅಂಬಾಸಿಡರ್ ನಿಂತಿತು. 1980ರ ದಶಕದಲ್ಲಿ ವರ್ಷಕ್ಕೆ 24,000ದಷ್ಟು ಹೋಗುತ್ತಿದ್ದದ್ದು ಕೊನೆಯ ವರ್ಷ ಎರಡು ಸಾವಿರ ಚಿಲ್ಲರೆಗೆ ಇಳಿದಿತ್ತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪೂಜೋ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಚಳ್ಳಕೆರೆ ಕಡೆ ಅದನ್ನು ಸಾಯಿಸಿದ್ದು ಅದಕ್ಕೂ ಮುಂಚಿನ ಟ್ರ್ಯಾಕ್ಸ್ ಮತ್ತು ಸುಮೋ. ಟ್ಯಾಕ್ಸಿಯವನು ಹತ್ತು ಜನ ಹಿಡಿಸುವ ಗಾಡಿ ಕಂಡ ದಿನವೇ ಅಂಬಾಸಿಡರಿನ ಲೆಕ್ಕ ಚುಕ್ತಾ ಆಗಿತ್ತು, ನೋಟಿಸು ತಡವಾಗಿ ಬಂತು ಅಷ್ಟೆ.

ನಾಯಕನಹಟ್ಟಿ ಹೋಬಳಿಯ ಕುದಾಪುರದಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಎರಡನೇ ಆವರಣವಿದೆ. ಸುತ್ತ ಡಿಆರ್‌ಡಿಒ, ಇಸ್ರೋ, ಭಾಭಾ ಕೇಂದ್ರಗಳಿಗೆ ಕೊಟ್ಟ ಜಮೀನು. ಮೊದಲು ಅದೆಲ್ಲ ಅಮೃತಮಹಲ್ ಕಾವಲು, ಹಟ್ಟಿಗಳವರ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಹುಲ್ಲುಗಾವಲು ಕೊಟ್ಟದ್ದರ ಮೇಲಿನ ವ್ಯಾಜ್ಯದ ಕತೆ ಬೇರೆಯೇ ಬರೆಯಬೇಕಾದ್ದು. ಇಲ್ಲಿಗೆ ಸಂಬಂಧಪಟ್ಟದ್ದು ಇಷ್ಟು: ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಗಿ, ಚಾಲಕರಿಲ್ಲದ ವಿಮಾನಗಳು ಹಾರಾಡುತ್ತಿದ್ದಾಗಲೂ ಕೆಳಗಿನ ರಸ್ತೆಯಲ್ಲಿ ಬೆಂಗಳೂರಿನ ವಿದ್ಯುತ್ ಕಾರು ಓಡಿದ್ದಿಲ್ಲ.

ಬಂದದ್ದು ಬೇರೆ ವೇಷದಲ್ಲಿ. 2018ರ ನವೆಂಬರಿನಲ್ಲಿ ಮಹೀಂದ್ರದ ಬೆಂಗಳೂರು ಘಟಕ ಟ್ರಿಯೋ ಎಂಬ ವಿದ್ಯುತ್ ಆಟೋ ತಂದಿತು. ರೇವಾ ಕಾಲದಿಂದ ಕಲಿತ ಮೋಟಾರು, ಬ್ಯಾಟರಿ, ನಿಯಂತ್ರಣದ ವಿದ್ಯೆಯೆಲ್ಲ ಅದರೊಳಗೆ ಇಳಿಯಿತು. ಮೂರು ಚಕ್ರದ ಬಾದಲ್‌ನಿಂದ ಹೊರಟ ಬೆಂಗಳೂರು ನಾಲ್ಕು ದಶಕಕ್ಕೂ ಮೀರಿ ಸುತ್ತಿ ಮೂರು ಚಕ್ರದಲ್ಲೇ ಲಾಭ ಕಂಡಿತು. ಆಟೋದವನಿಗೆ ದಿನಕ್ಕೆ 80, 100 ಕಿಲೋಮೀಟರ್ ಸಾಕು, ರಾತ್ರಿ ಮನೆಯಲ್ಲಿ ಚಾರ್ಜು ಮಾಡಿಕೊಳ್ಳುತ್ತಾನೆ. ಪರಿಷೆಗೆ ಹೋಗುವ ಗಾಡಿ ಅದಲ್ಲ, ಹೋಗಬೇಕೆಂದು ಅದನ್ನು ಯಾರೂ ಕೊಳ್ಳುವುದೂ ಇಲ್ಲ. ಚೇತನ್ ಮೈನಿ ಮಹೀಂದ್ರದಿಂದ ಹೊರಬಂದು 2017ರಲ್ಲಿ ಸನ್ ಮೊಬಿಲಿಟಿ ಕಟ್ಟಿದರು. ಖಾಲಿ ಬ್ಯಾಟರಿ ಕೊಟ್ಟು ತುಂಬಿದ ಬ್ಯಾಟರಿ ಪಡೆಯುವ ವ್ಯವಸ್ಥೆ ಅದರ ಕಸುಬು. ಎಂಟು ಗಂಟೆ ಕಾಯುವ ಕಷ್ಟವನ್ನು ಅವರಷ್ಟು ಹತ್ತಿರದಿಂದ ಕಂಡವರು ದೇಶದಲ್ಲಿ ಇನ್ನೊಬ್ಬರಿಲ್ಲ.

ಬೆಂಗಳೂರಿನಲ್ಲಿ ಇನ್ನೂ ಕೆಲವರು ರೇವಾ ಓಡಿಸುತ್ತಿದ್ದಾರೆ. ಸೀಸದ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿಕೊಂಡವರಿದ್ದಾರೆ. ಓಟ ಮೊದಲಿಗಿಂತ ಹೆಚ್ಚಿದೆ. ಹಳೆಯ ರೇವಾ ಮಾದರಿ ನಿಂತದ್ದು 2012ರ ಸುಮಾರಿಗೆ. ಖಾಸಗಿ ಕಾರಿಗೆ ಆರ್‌ಟಿಒ ಕೊಡುವ ನೋಂದಣಿ 15 ವರ್ಷದ್ದು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ಲೆಕ್ಕದಲ್ಲಿ ಕಟ್ಟಕಡೆಯ ರೇವಾಗಳು ಮರುನೋಂದಣಿಗೆ ಆರ್‌ಟಿಒ ಮುಂದೆ ನಿಲ್ಲಬೇಕಾದದ್ದು 2027ರ ಹೊತ್ತಿಗೆ.